ಗಟ್ಟಿಯಾಗಿ ಓದಿದ ಹೇಳಿಕೆ

ಬೆಳಿಗ್ಗೆ ಏಳೂವರೆಗೆ ಕಚೇರಿಯ ಬೀಗ ತೆಗೆಯುತ್ತೇನೆ. ಈ ಕೊಲ್ಲಿ ನಗರದ ಅಲ್ ಸದ್ದ್ ಬಡಾವಣೆಯ ಹಳೆಯ ಕಟ್ಟಡವೊಂದರ ಎರಡನೆಯ ಮಹಡಿ, ಕೆಳಗೆ ಕನ್ನಡಕದ ಅಂಗಡಿ. ಮೇಜು ಒರೆಸಿ, ಎರಡು ಪೆನ್ನು ಬಲಕ್ಕೆ, ಶಾಯಿಪ್ಯಾಡು ಎಡಕ್ಕೆ ಇಟ್ಟು, ರಿಜಿಸ್ಟರಿನಲ್ಲಿ ಹಿಂದಿನ ದಿನದ ಕೊನೆಯ ಸಾಲಿನ ಕೆಳಗೆ ಗೆರೆ ಎಳೆಯುವಷ್ಟರಲ್ಲಿ ಎಂಟಾಗುತ್ತದೆ. ಅರವತ್ತಾರು ವರ್ಷದ ದೇಹ ಈ ಕ್ರಮದ ಮೇಲೆಯೇ ನಿಂತಿದೆ.

ಜನ ನನ್ನನ್ನು ನೋಟರಿ ಮಾಮ ಎನ್ನುತ್ತಾರೆ. ಈ ದೇಶದಲ್ಲಿ ನಾನು ನೋಟರಿಯಲ್ಲ. ಊರಿನಲ್ಲಿ ಒಬ್ಬ ನೋಟರಿ ವಕೀಲರ ಹತ್ತಿರ ಹನ್ನೊಂದು ವರ್ಷ ಗುಮಾಸ್ತನಾಗಿದ್ದವನು, ಇಲ್ಲಿ ಒಂದು ಕಾನೂನು ಕಚೇರಿಯಲ್ಲಿ ಕಾಗದಪತ್ರ ನೋಡುತ್ತೇನೆ. ಕರಾವಳಿಯ ಕೆಲವು ಉದ್ಯಮಿಗಳು ಸೇರಿ ಮಾಡಿದ ಒಂದು ಟ್ರಸ್ಟ್ ಇದೆ. ಊರಿನ ಆಸ್ತಿಯ ಅಡಮಾನದ ಮೇಲೆ ಇಲ್ಲಿರುವ ನಮ್ಮವರಿಗೆ ಅದು ಸಾಲ ಕೊಡುತ್ತದೆ. ಅದರ ಕಾಗದಗಳಿಗೆ ಸಹಿ ನನ್ನೆದುರು ಬೀಳಬೇಕು. ಸಹಿ ಮಾಡಿದವರು ಅವರೇ ಹೌದು, ಸ್ವಂತ ಮನಸ್ಸಿನಿಂದ ಮಾಡಿದ್ದಾರೆ ಎಂದು ನಾನು ಬರೆದು ಮುದ್ರೆ ಒತ್ತಿದ ಮೇಲೆ ಅವು ರಾಯಭಾರ ಕಚೇರಿಗೆ ಹೋಗುತ್ತವೆ. ಕೆಲಸ ನೋಟರಿಯದ್ದೇ.

ಈ ಕೆಲಸದ ನಿಯಮವನ್ನು ನಾನು ಏಟು ತಿಂದು ಕಲಿತೆ. ಗುಮಾಸ್ತನಾಗಿ ಸೇರಿದ ಮೊದಲ ವರ್ಷ ಒಬ್ಬಾಕೆ ಮುದುಕಿ ಸಾಲದ ಕಾಗದ ಹಿಡಿದು ಬಂದಿದ್ದಳು. ಒಂದು ಜಾಗ ಖಾಲಿ ಇತ್ತು. ಸರ್ವೆ ನಂಬರು ಆಕೆ ಬಾಯಲ್ಲಿ ಹೇಳಿದಳು, ಪಾಪ ಎಂದು ನಾನೇ ಬರೆದೆ. ವಕೀಲರು ಅದನ್ನು ನೋಡಿ, ನನ್ನ ಕೈಯನ್ನು ಮೇಜಿನ ಮೇಲೆ ಚಾಚಿಸಿ, ಗೆರೆ ಎಳೆಯುವ ಉರುಟು ರೂಲಿನಿಂದ ಗೆಣ್ಣುಗಳ ಮೇಲೆ ನಾಲ್ಕು ಹೊಡೆದರು. ಪ್ರತಿ ಏಟಿಗೆ ಒಂದು ಮಾತು. ಖಾಲಿ ಇದೆ ಎಂದು ತೋರಿಸಬಹುದು, ತುಂಬಬಾರದು. ಅಚ್ಚಾದದ್ದನ್ನು ಓದಿ ಹೇಳಬಹುದು, ಅರ್ಥ ಬಿಡಿಸಬಾರದು. ಸಹಿ ಹಾಕು ಎನ್ನಬಾರದು, ಹಾಕಬೇಡ ಎನ್ನಬಾರದು. ಬರೆದದ್ದನ್ನು ಬರೆದವರ ಎದುರು ಗಟ್ಟಿಯಾಗಿ ಓದದೆ ಮುದ್ರೆ ಒತ್ತಬಾರದು. ಎರಡು ಗೆಣ್ಣು ಒಡೆದು ರಕ್ತ ಬಂತು. ನಾನು ಅಳಲಿಲ್ಲ. ಹಾಸ್ಟೆಲಿನಲ್ಲಿ ವಾರ್ಡನ್ನರ ಬೆತ್ತ ಇದಕ್ಕಿಂತ ಜೋರಾಗಿತ್ತು. ಅವರಿಬ್ಬರ ಮೇಲೂ ನನಗೆ ಸಿಟ್ಟಿಲ್ಲ ಎಂದು ಬಹಳ ವರ್ಷ ಹೇಳಿಕೊಂಡು ಬಂದೆ.

ಸಹಿ ಹಾಕುವ ಕೋಣೆ ಶಾಂತವಾಗಿರುತ್ತದೆ ಎಂದು ಹೊರಗಿನವರು ತಿಳಿಯುತ್ತಾರೆ. ನನ್ನ ಈ ಮೇಜಿನ ಎದುರು ಕ್ಯಾಫೆಟೇರಿಯಾದ ಇಬ್ಬರು ಪಾಲುದಾರರು ಹೊಡೆದಾಡಿಕೊಂಡು ಒಬ್ಬ ಇನ್ನೊಬ್ಬನ ಕಿವಿಯ ತುದಿ ಕಚ್ಚಿ ತೆಗೆದಿದ್ದಾನೆ. ಒಬ್ಬ ಮೇಸ್ತ್ರಿ, ಒಡಹುಟ್ಟಿದ ತಮ್ಮನು ಸಹಿ ಹಾಕಲಾರೆ ಎಂದದ್ದಕ್ಕೆ, ತನ್ನ ಹಣೆಯನ್ನೇ ಗೋಡೆಗೆ ಜಜ್ಜಿಕೊಂಡಿದ್ದಾನೆ. ಆಗೆಲ್ಲ ನಾನು ಎದ್ದು ಬಾಗಿಲು ತೆರೆದು ನಿಲ್ಲುತ್ತಿದ್ದೆ. ಅವರು ಹೋದ ಮೇಲೆ ನೆಲ ಒರೆಸಿ, ರಿಜಿಸ್ಟರಿನಲ್ಲಿ ‘ಸಹಿ ಆಗಿಲ್ಲ’ ಎಂದು ಬರೆಯುತ್ತಿದ್ದೆ. ಅದಕ್ಕಿಂತ ಹೆಚ್ಚಿನದು ನನ್ನ ಪಾಲಿನ ಕೆಲಸವಲ್ಲ ಎಂದು ನಂಬಿದ್ದೆ.

ಕಳೆದ ವರ್ಷ ಒಬ್ಬ ಗಂಡ, ಹೆಂಡತಿ ಬಂದರು. ಅವನಿಗೆ ನಲವತ್ತರ ಹತ್ತಿರ. ಕಾರ್ಮಿಕರ ಕ್ಯಾಂಪುಗಳಿಗೆ ಊಟ ಕಳಿಸುವ ಮೆಸ್ಸು ನಡೆಸುತ್ತಿದ್ದ. ಅವಳು ಅವನಿಗಿಂತ ಏಳೆಂಟು ವರ್ಷ ಚಿಕ್ಕವಳು, ಆ ಸೆಕೆಯಲ್ಲೂ ಮಣಿಕಟ್ಟಿನವರೆಗೆ ತೋಳಿದ್ದ ಚೂಡಿದಾರ. ಸಾಲ ಅವನಿಗೆ, ಅಡಮಾನ ಅವಳದು. ಅವಳ ತಾಯಿಯ ಮನೆ. ನಮ್ಮ ಕಡೆ ಕೆಲವು ಕುಟುಂಬಗಳಲ್ಲಿ ಮನೆ ತಾಯಿಯಿಂದ ಮಗಳಿಗೆ ಬರುತ್ತದೆ, ಅವಳಿಂದ ಅವಳ ಮಗಳಿಗೆ. ಈ ದಂಪತಿಗೂ ಒಬ್ಬಳು ಮಗಳಿದ್ದಳು.

ಅವನು ಕಾಗದಗಳನ್ನು ಮೇಜಿನ ಮೇಲೆ ಹಾಕಿ ತುಳುವಿನಲ್ಲಿ ಹೇಳಿದ. ಅದನ್ನು ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಮಾಮ, ಎಲ್ಲ ನೀವೇ ತುಂಬಿಸಿ. ನನಗೆ ಕನ್ನಡ ಓದ್ಲಿಕ್ಕೆ ಬರುದಿಲ್ಲ. ಮುಂಬಯಿಯಲ್ಲಿ ಬೆಳೆದವ ನಾನು.”

“ಕೇಳಿದರೆ ತಿಳಿಯುತ್ತದಲ್ಲ?”

“ತಿಳೀದೆ ಎಂತ? ಮಾತಾಡ್ತೇನೆ, ಬೈತೇನೆ ಕೂಡ. ಅಕ್ಷರ ಮಾತ್ರ ಜಿಲೇಬಿ ಕಂಡ ಹಾಗೆ ಕಾಣ್ತದೆ.”

ನಾನು ಯಾವ ಯಾವ ಜಾಗ ಖಾಲಿ ಇದೆ ಎಂದು ಪೆನ್ಸಿಲಿನ ತುದಿಯಿಂದ ತೋರಿಸಿದೆ. ಅವನ ಪಾಲಿನದನ್ನು ಅವನು ಇಂಗ್ಲಿಷಿನಲ್ಲಿ ತುಂಬಬಹುದು. ಕೊನೆಯ ಪುಟ ಹೆಂಡತಿಯದು. ಅಡಮಾನ ಕೊಡುವವರು ತಮ್ಮ ಹೇಳಿಕೆಯನ್ನು ಸ್ವಂತ ಅಕ್ಷರದಲ್ಲಿ, ತಮಗೆ ಬರುವ ಭಾಷೆಯಲ್ಲಿ ಬರೆಯಬೇಕು. ಏನು ಬರೆಯಬೇಕೆಂದು ನಾನು ಹೇಳುವಂತಿಲ್ಲ.

ಅವನು ನಕ್ಕ. “ನನ್ನ ಮೆಸ್ಸಿನಲ್ಲಿ ಅಡುಗೆಯವ ಹೀಗೆ ಮಾತಾಡಿದ್ರೆ ಮರುದಿನವೇ ಟಿಕೆಟ್ ಕೊಟ್ಟು ಊರಿಗೆ ಕಳಿಸ್ತೇನೆ, ಗೊತ್ತುಂಟಾ? ಅನ್ನ ಮಾಡ್ತೇನೆ, ಬಡಿಸುದಿಲ್ಲ ಅಂದ ಹಾಗಾಯ್ತು ನಿಮ್ಮದು.”

ನಗುತ್ತಲೇ ಅವನು ಹೆಂಡತಿಯ ಕುತ್ತಿಗೆಯ ಹಿಂದೆ ಕೈ ಇಟ್ಟ. ಇಟ್ಟನೆಂದು ಬರೆದರೆ ಸುಳ್ಳಾಗುತ್ತದೆ. ಹಿಡಿದ. ಅವಳ ತಲೆ ಒಂದಿಷ್ಟು ಮುಂದಕ್ಕೆ ಬಾಗಿತು. ಅಷ್ಟರಲ್ಲಿ ಅವನಿಗೆ ಫೋನ್ ಬಂತು, ಯಾವುದೋ ಕ್ಯಾಂಪಿಗೆ ಸಾರು ಹೋಗಿರಲಿಲ್ಲ. ಬೈಯುತ್ತ ಹೊರಗಿನ ಹಾದಿಗೆ ಹೋದ.

ಅವಳು ತಕ್ಷಣ ಕೇಳಿದಳು. “ಮಾಮ, ಸಹಿ ಹಾಕದಿದ್ರೆ ಏನಾಗ್ತದೆ?”

“ಸಾಲ ಸಿಗುವುದಿಲ್ಲ.”

“ಹಾಕಿದ್ರೆ?”

“ನಾಲ್ಕನೆಯ ಪುಟದಲ್ಲಿದೆ. ಓದಿಕೊಳ್ಳಮ್ಮ.”

“ಓದಿದ್ದೇನೆ. ಸಾಲ ಕಟ್ಟದಿದ್ರೆ ಮನೆ ಮಾರ್ತಾರೆ. ನಾನು ಕೇಳಿದ್ದು ಅದಲ್ಲ. ನಾನು ಹಾಕ್ಬೇಕಾ ಬೇಡ್ವಾ, ನೀವು ಹೇಳಿ.”

“ಅದನ್ನು ನಾನು ಹೇಳುವ ಹಾಗಿಲ್ಲ.”

ಅವಳು ಎಡತೋಳನ್ನು ಮೊಣಕೈವರೆಗೆ ಸರಿಸಿದಳು. ಕಾದ ಸಟ್ಟುಗದ ಗುರುತು, ಒಂದರ ಕೆಳಗೊಂದು ಮೂರು. ಎರಡು ಒಣಗಿದ್ದವು. ಮೂರನೆಯದು ಇನ್ನೂ ನೀರು ತುಂಬಿ ಹೊಳೆಯುತ್ತಿತ್ತು.

“ಪೊಲೀಸರಿಗೆ ಹೇಳಬಹುದು,” ಎಂದೆ. ಇಷ್ಟು ಹೇಳಿದ್ದೂ ನನ್ನ ಲೆಕ್ಕದಲ್ಲಿ ಗೆರೆ ದಾಟಿದ ಹಾಗೆ ಇತ್ತು.

“ನನ್ನ ವೀಸಾ ಅವರ ಮೇಲೆ ಉಂಟು. ಮಗಳದ್ದೂ. ಪಾಸ್‌ಪೋರ್ಟು ಅವರ ಕಪಾಟಿನಲ್ಲಿ.” ತೋಳು ಇಳಿಸಿದಳು. “ಆ ಕೊನೆಯ ಪುಟದಲ್ಲಿ ನಾನು ಬರೆದದ್ದನ್ನು ಯಾರು ಓದ್ತಾರೆ?”

“ಊರಿನಲ್ಲಿ ಟ್ರಸ್ಟಿನವರು.”

“ಏನು ಬರೆದ್ರೂ ಓದ್ತಾರಾ?”

“ಓದದೆ ಸಾಲ ಕೊಡುವುದಿಲ್ಲ.”

ಅವಳು ತಲೆಯಾಡಿಸಿದಳು. ಅವಳು ಅಲ್ಲಿಯೇ ಏನೋ ನಿಶ್ಚಯ ಮಾಡಿದಳೆಂದು ಈಗ ತಿಳಿಯುತ್ತದೆ. ಆಗ ನನಗೆ ತಿಳಿದದ್ದು ಒಂಬತ್ತೂವರೆಯಾಯಿತು, ಮುಂದಿನವರು ಕಾಯುತ್ತಿದ್ದಾರೆ ಎಂಬುದಷ್ಟೇ. ಒಂದೆರಡು ಕಾಗದ ಕಡಿಮೆ ಇದ್ದವು. ಅವನ್ನು ತೆಗೆದುಕೊಂಡು ಭಾನುವಾರ ಬನ್ನಿ ಎಂದು ಕಳಿಸಿದೆ, ಇಲ್ಲಿ ಭಾನುವಾರ ಕೆಲಸದ ದಿನ.

ಭಾನುವಾರ ಹತ್ತಕ್ಕೆ ಸರಿಯಾಗಿ ಬಂದರು. ಅವಳ ಕೆಳತುಟಿ ಒಡೆದಿತ್ತು. ನಾನು ಗುರುತಿನ ಚೀಟಿಗಳನ್ನು ನೋಡಿ, ಮುಖಗಳನ್ನು ಹೋಲಿಸಿ, ರಿಜಿಸ್ಟರಿನಲ್ಲಿ ಬರೆದೆ. ಅವನು ತನ್ನ ಪುಟಗಳಿಗೆ ಸಹಿ ಹಾಕಿದ. ಸಾಲಗಾರ ಮತ್ತು ಅಡಮಾನ ಕೊಡುವವರು ಇಬ್ಬರೂ ಒಟ್ಟಿಗೆ ನನ್ನೆದುರು ಕೂರಬೇಕೆಂಬುದು ಟ್ರಸ್ಟಿನ ಕ್ರಮ, ಆದ್ದರಿಂದ ಅವನನ್ನು ಹೊರಗೆ ಕಳಿಸಲಿಲ್ಲ.

ಅವಳು ಕೊನೆಯ ಪುಟವನ್ನು ಎಳೆದುಕೊಂಡು ಬರೆಯತೊಡಗಿದಳು. ಅವನು ಪಕ್ಕದಲ್ಲೇ ಕೂತು ಪೆನ್ನು ಓಡುವುದನ್ನು ನೋಡುತ್ತಿದ್ದ. “ಯಲ್ಲಾ, ಯಲ್ಲಾ, ಬೇಗ. ಎರಡು ಸಾಲು ಬರೀಲಿಕ್ಕೆ ಎಷ್ಟು ಹೊತ್ತು? ಶಾಲೆಯಲ್ಲಿ ಫಸ್ಟ್ ಬರ್ತಿದ್ದಳಂತೆ ಮಾಮ ಇವಳು. ನೋಡಿ ನಿಮ್ಮ ಫಸ್ಟು.” ಅವಳ ಅಕ್ಷರ ದುಂಡಗೆ, ಒತ್ತೊತ್ತಾಗಿ ಇತ್ತು. ಐದು ಸಾಲು ಬರೆದು, ಕೆಳಗೆ ಸಹಿ ಹಾಕಿ, ಕಾಗದವನ್ನು ನನ್ನ ಕಡೆ ತಿರುಗಿಸಿ ಇಟ್ಟಳು. ನನ್ನ ಕಣ್ಣಿಗೆ ಕಣ್ಣು ಕೊಟ್ಟು ನೋಡಿದಳು.

“ಖಲಾಸ್?” ಎಂದ ಅವನು.

ನಾನು ಕನ್ನಡಕ ಸರಿ ಮಾಡಿಕೊಂಡು ಕಾಗದ ಎತ್ತಿ ಗಟ್ಟಿಯಾಗಿ ಓದಿದೆ. “ಈ ಸಾಲಕ್ಕೆ ನನ್ನ ಒಪ್ಪಿಗೆ ಇಲ್ಲ.”

ಮೊದಲ ಸಾಲಿಗೆ ನನ್ನಲ್ಲಿ ಕಾರಣವಿದೆ. ಮೂವತ್ತು ವರ್ಷದಿಂದ ನನ್ನ ಬಾಯಿ ಕಣ್ಣಿನ ಜೊತೆಯಲ್ಲೇ ಓಡುತ್ತದೆ, ಮನಸ್ಸು ಹಿಂದೆ ಬರುತ್ತದೆ. ಎರಡನೆಯ ಸಾಲಿಗೆ ಕಾರಣವಿಲ್ಲ. ಅಷ್ಟರಲ್ಲಿ ಮನಸ್ಸು ಬಂದು ಮುಟ್ಟಿತ್ತು. ನಿಲ್ಲಿಸಬಹುದಿತ್ತು. ಕೆಮ್ಮಬಹುದಿತ್ತು. ಓದಲು ಹೊರಟದ್ದನ್ನು ಪೂರ್ತಿ ಓದಬೇಕೆಂಬ ಅಭ್ಯಾಸ ನನ್ನ ನಾಲಿಗೆಯನ್ನು ಮುಂದಕ್ಕೆ ತಳ್ಳಿತು. “ನನ್ನ ಗಂಡ ಹೊಡೆದು ಸುಟ್ಟು ಕರೆದುಕೊಂಡು ಬಂದಿದ್ದಾರೆ. ಅಮ್ಮನ ಮನೆಯನ್ನು ನಾನು ಅಡವು ಇಡುವುದಿಲ್ಲ. ಅದು ನನ್ನ ಮಗಳದ್ದು.”

ಕೊನೆಯ ಸಾಲನ್ನು ಓದಲು ಆಗಲಿಲ್ಲ. ಅವನು ಅವಳ ಜಡೆ ಹಿಡಿದು ಮುಖವನ್ನು ಮೇಜಿನ ಗಾಜಿಗೆ ಅಪ್ಪಳಿಸಿದ. ಗಾಜು ಉದ್ದಕ್ಕೆ ಸೀಳಿತು.  ಕಾಗದ ನನ್ನ ಕೈಯಿಂದ ಜಾರಿ ಮೇಜಿನ ಮೇಲೆ ಬಿದ್ದಿತ್ತು. ಅವಳು ಬಲಗೈಯನ್ನು ಅದರ ಮೇಲೆ ಚಪ್ಪಟೆಯಾಗಿ ಇಟ್ಟು ಒತ್ತಿ ಹಿಡಿದಳು. ಅವನು ಎಳೆದ, ಬರಲಿಲ್ಲ. ನನ್ನ ಉಬ್ಬುಮುದ್ರೆಯ ಯಂತ್ರ ಎರಕದ ಕಬ್ಬಿಣದ್ದು, ಎರಡು ಕಿಲೋ ತೂಕ. ಅದನ್ನು ಎತ್ತಿ ಆ ಕೈಯ ಮೇಲೆ ಹೊಡೆದ. ಒಮ್ಮೆ. ಮತ್ತೊಮ್ಮೆ. ಬೆರಳಿನ ಎಲುಬು ಮುರಿಯುವ ಶಬ್ದ ಹಸಿ ಬೆಂಡೆಕಾಯಿಯ ತುದಿ ಮುರಿದ ಹಾಗೆ ಇರುತ್ತದೆ. ನಾನು ಬೆಂಡೆಕಾಯಿ ತಿನ್ನುವುದನ್ನು ಬಿಟ್ಟಿದ್ದೇನೆ.

ನಾನು ಅವನ ಮೇಲೆ ಬಿದ್ದೆ. ಅವನು ಮೊಣಕೈಯಿಂದ ನನ್ನ ಬಾಯಿಗೆ ಕೊಟ್ಟ, ಮುಂದಿನ ಎರಡು ಹಲ್ಲು ಹೋದವು. ಮುದುಕನ ರಕ್ತ ಕಡಿಮೆ ಎನ್ನುತ್ತಾರೆ, ಅಂಗಿಯ ಮುಂಭಾಗವೆಲ್ಲ ತೊಯ್ದಿತ್ತು. ಗದ್ದಲ ಕೇಳಿ ಕೆಳಗಿನಿಂದ ಕಟ್ಟಡದ ಕಾವಲುಗಾರ ಓಡಿ ಬಂದ, ನೇಪಾಳದವನು, ಗಟ್ಟಿ ಆಳು. ಅವನು ಹಿಂದಿನಿಂದ ಈತನ ಎರಡೂ ಕೈಗಳನ್ನು ಸೇರಿಸಿ ಹಿಡಿದು ಗೋಡೆಗೆ ಒತ್ತಿದ.

ಇಲ್ಲಿಗೆ ನಿಲ್ಲಿಸಿದರೆ ನಾನು ಒಳ್ಳೆಯವನಾಗಿ ಕಾಣುತ್ತೇನೆ. ಕಾವಲುಗಾರ ಕೈ ಹಿಡಿದು ಗೋಡೆಗೆ ಒತ್ತಿಟ್ಟಿದ್ದ ಆ ಗಂಡನಿಗೆ ನಾನು ಹೊಡೆದೆ. ನೆಲದ ಮೇಲಿನಿಂದ ಮುದ್ರೆಯ ಯಂತ್ರ ಎತ್ತಿಕೊಂಡು ಅವನ ಪಕ್ಕೆಗೆ ಮೂರು ಸಲ ಹೊಡೆದೆ. ಮೂರನೆಯದಕ್ಕೆ ಅವನ ಮೊಣಕಾಲು ಕುಸಿಯಿತು. “ಬಸ್ ಚಾಚಾ, ಬಸ್!” ಎಂದು ಕಾವಲುಗಾರ ಕಿರುಚಿದ. ನಾಲ್ಕನೆಯದನ್ನು ನಿಲ್ಲಿಸಿದ್ದು ಅವನ ಮಾತಲ್ಲ. ನನ್ನ ಭುಜ ಮೇಲೆ ಹೋಗಲಿಲ್ಲ.

ಬಾಗಿಲಲ್ಲಿ ಇನ್ನೊಬ್ಬ ನಿಂತಿದ್ದ, ಕಂಪನಿಯ ನೀಲಿ ಅಂಗಿಯಲ್ಲಿ. ಅವಳ ಅಣ್ಣ. ಮೆಸಯೀದಿನ ಕಾರ್ಖಾನೆಯೊಂದರಲ್ಲಿ ಟೆಕ್ನಿಷಿಯನ್. ಅವನು ಕೆಳಗೆ ಕಾರಿನಲ್ಲಿ ಅರ್ಧ ಗಂಟೆಯಿಂದ ಕಾಯುತ್ತಿದ್ದನಂತೆ. ತಂಗಿಯ ಮುಖ ನೋಡಿದ, ಕೈ ನೋಡಿದ. ನೇರ ಒಳಗೆ ಬಂದು, ಗೋಡೆಗೆ ಒರಗಿದ್ದ ಭಾವನ ಮುಖಕ್ಕೆ ಸೇಫ್ಟಿ ಬೂಟಿನ ಕಾಲಿನಿಂದ ಒದೆಯಲು ಕಾಲೆತ್ತಿದ. ಕಬ್ಬಿಣದ ಮೂತಿಯ ಬೂಟು ಅದು.

“ಬೇಡ ಅಣ್ಣ,” ಎಂದಳು ಅವಳು, ಬಾಯಿ ತುಂಬ ರಕ್ತ ಇಟ್ಟುಕೊಂಡು. “ನಿನ್ನನ್ನೂ ಹಿಡ್ಕೊಂಡು ಹೋದ್ರೆ ಮಗಳನ್ನು ಶಾಲೆಯಿಂದ ಯಾರು ತರುದು?”

ಕಾಲು ಇಳಿಯಿತು.

ಪೊಲೀಸರು ಬಂದರು. ಅವಳನ್ನು ಆಸ್ಪತ್ರೆಗೆ ಒಯ್ದರು. ನನ್ನನ್ನು ಠಾಣೆಗೆ ಕರೆದೊಯ್ದು, ಒಬ್ಬ ಮಲಯಾಳಿ ದುಭಾಷಿಯ ಮೂಲಕ ನಡೆದದ್ದನ್ನು ಕೇಳಿದರು. ನಾನು ಕ್ರಮವಾಗಿ ಹೇಳಿದೆ. ಕಾವಲುಗಾರನ ಹಿಡಿತದಲ್ಲಿದ್ದ ಗಂಡನಿಗೆ ನಾನು ಮೂರು ಏಟು ಹೊಡೆದೆ ಎಂದು ಹೇಳಿದೆ, ಅಧಿಕಾರಿ ಬರೆದುಕೊಂಡ. ಅವಳ ಹೇಳಿಕೆಯನ್ನು ಅವನ ಕಿವಿಗೆ ಬೀಳುವಂತೆ ಗಟ್ಟಿಯಾಗಿ ಓದಿದೆ ಎಂದೂ ಹೇಳಿದೆ. ಅಧಿಕಾರಿ ಪೆನ್ನು ಎತ್ತಲಿಲ್ಲ.

“ಅದನ್ನೂ ಬರೆಯಲು ಹೇಳಿ,” ಎಂದೆ ದುಭಾಷಿಗೆ.

“ಚೇಟ್ಟಾ, ಓದುವುದು ಅಪರಾಧ ಅಲ್ಲ ಅಂತಾರೆ. ಸುಮ್ಮನೆ ಕೂತ್ಕೊಳ್ಳಿ.”

ನನ್ನ ಮೇಲೆ ದೂರು ಆಗಲಿಲ್ಲ, ಎಚ್ಚರಿಕೆ ಕೊಟ್ಟು ಕಳಿಸಿದರು. ಅವನನ್ನು ಒಳಗೆ ಇಟ್ಟರು. ರಕ್ತ ಹತ್ತಿದ ಆ ಪುಟವನ್ನು ಸಾಕ್ಷ್ಯಕ್ಕೆಂದು ತೆಗೆದುಕೊಂಡರು. ಅದರ ನಕಲನ್ನು ನಾನು ಟ್ರಸ್ಟಿಗೆ ಕಳಿಸಿದೆ, ಸಾಲದ ಅರ್ಜಿ ಬಿದ್ದುಹೋಯಿತು.

ಮೂರು ವಾರ ಬಿಟ್ಟು ಅವಳು ಅಣ್ಣನ ಜೊತೆ ಬಂದಳು. ಬಲಗೈಗೆ ಮೊಣಕೈವರೆಗೆ ಪ್ಲಾಸ್ಟರ್. ಹುಬ್ಬಿನ ಮೇಲೆ ಹೊಲಿಗೆ. ಗಂಡನ ಅಣ್ಣತಮ್ಮಂದಿರು ಊರಿನಲ್ಲಿ ಅವಳ ತಾಯಿಯ ಮನೆಯ ಬೀಗ ಒಡೆದು ಒಳಗೆ ಸಾಮಾನು ಇಟ್ಟಿದ್ದರಂತೆ. ಆ ಮನೆಯ ವಿಚಾರದಲ್ಲಿ ಅಣ್ಣ ಅವಳ ಪರವಾಗಿ ದೂರು ಕೊಡಲು ಅಧಿಕಾರಪತ್ರ ಬೇಕಿತ್ತು, ಆ ವಾರದೊಳಗೆ.

ಕುರ್ಚಿ ತೋರಿಸಿದೆ. ಅಣ್ಣ ಕೂರಲಿಲ್ಲ.

“ಒಂದು ಮಾತು ಕೇಳ್ತೇನೆ ಮಾಮ,” ಎಂದ. “ಅವಳು ಬರೆದಾಗಿತ್ತು. ಅವನಿಗೆ ಓದ್ಲಿಕ್ಕೆ ಬರುದಿಲ್ಲ. ನೀವು ಬಾಯಿ ಮುಚ್ಚಿ ಒಂದು ಮುದ್ರೆ ಒತ್ತಿದ್ರೆ, ಅವನು ಸಾಲ ಸಿಕ್ಕಿತು ಅಂತ ಖುಷಿಯಲ್ಲಿ ಮೆಸ್ಸಿಗೆ ಹೋಗ್ತಿದ್ದ. ನಾನು ಇವಳನ್ನೂ ಮಗುವನ್ನೂ ಕರ್ಕೊಂಡು ಹೋಗ್ತಿದ್ದೆ. ಎಲ್ಲ ಲೆಕ್ಕ ಹಾಕಿ ಇಟ್ಟಿದ್ದಳು ಇವಳು. ಒಂದು ಏಟೂ ಬೀಳ್ತಿರ್ಲಿಲ್ಲ. ಯಾಕೆ ಓದಿದ್ರಿ?”

“ಓದುವುದು ಕ್ರಮ,” ಎಂದೆ. ಇಲ್ಲದ ಹಲ್ಲುಗಳ ಸಂದಿಯಿಂದ ಆ ಮಾತು ಗಾಳಿಯಾಗಿ ಬಂತು.

“ಕ್ರಮ,” ಎಂದು ಅವನು ತಂಗಿಯ ಕಡೆ ನೋಡಿದ. “ಕೇಳಿದೆಯಾ? ಕ್ರಮವಂತೆ.”

ಅವಳು ನನ್ನನ್ನು ಬೈಯಲೂ ಇಲ್ಲ, ಸಮಾಧಾನ ಮಾಡಲೂ ಇಲ್ಲ. “ನಾನು ನಿಮ್ಮನ್ನು ನೋಡಿದೆನಲ್ಲ ಮಾಮ, ಕಾಗದ ಕೊಡುವಾಗ. ನೀವು ಕಾಗದವನ್ನೇ ನೋಡಿದ್ರಿ,” ಎಂದಳು. ಆಮೇಲೆ ಪ್ಲಾಸ್ಟರಿನ ಕೈಯನ್ನು ಮೇಜಿನ ಹೊಸ ಗಾಜಿನ ಮೇಲೆ ಇಟ್ಟಳು. “ಅದು ಇರಲಿ. ಈಗ ಇದನ್ನು ಯಾರು ಬರೆಯುದು? ನನಗೆ ಎಡಗೈಯಲ್ಲಿ ಆಗುದಿಲ್ಲ. ಅಣ್ಣನಿಗೆ ಅಧಿಕಾರ ಕೊಡುದು ಅಣ್ಣನೇ ಬರೆದ್ರೆ ಆಗ್ತದಾ?”

“ಆಗುವುದಿಲ್ಲ.”

“ಮತ್ತೆ? ನೀವು ಬರೆಯುದಿಲ್ಲ ಅಂತ ಗೊತ್ತುಂಟು.”

ದೃಢೀಕರಿಸುವವನು ಬರೆಯುವಂತಿಲ್ಲ. ಬರೆದವನು ದೃಢೀಕರಿಸುವಂತಿಲ್ಲ. ನನ್ನ ಇಷ್ಟು ವರ್ಷದ ಬದುಕಿನಲ್ಲಿ ನಾನು ಈ ಎರಡನೆಯ ಮಾತನ್ನು ಯೋಚಿಸಿಯೇ ಇರಲಿಲ್ಲ. ಅದರೊಳಗೆ ಒಂದು ಬಾಗಿಲು ಇತ್ತು.

ಶಾಯಿಪ್ಯಾಡನ್ನೂ ಮುದ್ರೆಯನ್ನೂ ಎತ್ತಿ ಕಪಾಟಿನಲ್ಲಿ ಇಟ್ಟು ಬೀಗ ಹಾಕಿದೆ. ಮಧ್ಯಾಹ್ನದ ಮೇಲೆ ಬರುತ್ತೇವೆಂದಿದ್ದ ಇಬ್ಬರಿಗೆ ಫೋನ್ ಮಾಡಿ ಇವತ್ತು ಕೆಲಸವಿಲ್ಲ ಎಂದೆ. ನಮ್ಮ ಕಚೇರಿಯ ವಕೀಲರೊಬ್ಬರಿಗೆ, ಅಧಿಕಾರಪತ್ರ ಒಂದಿದೆ, ನಾಳೆ ಬೆಳಿಗ್ಗೆ ನೀವು ಇವರ ಹೆಬ್ಬೆಟ್ಟು ತೆಗೆದುಕೊಂಡು ದೃಢೀಕರಿಸಬೇಕು, ಬರೆದವನು ನಾನಾದ್ದರಿಂದ ನಾನು ಮಾಡುವಂತಿಲ್ಲ ಎಂದು ತಿಳಿಸಿದೆ. ಬಿಳಿ ಹಾಳೆ ತೆಗೆದುಕೊಂಡು ಮೇಜನ್ನು ಸುತ್ತಿ ಬಂದು ಅವಳ ಪಕ್ಕದ ಕುರ್ಚಿಯಲ್ಲಿ ಕೂತೆ. ಈ ಕಡೆಯಿಂದ ನನ್ನ ಮೇಜು ಬಹಳ ಎತ್ತರ ಕಾಣುತ್ತದೆ.

“ಹೇಳಮ್ಮ,” ಎಂದೆ.

ಅವಳು ಅಣ್ಣನ ಮುಖ ನೋಡಿದಳು. ಅವನು ಕುರ್ಚಿ ಎಳೆದುಕೊಂಡು ಕೂತ.

“ನನ್ನ ಅಮ್ಮನ ಮನೆಗೆ ಬೀಗ ಒಡೆದು ನುಗ್ಗಿದವರನ್ನು...” ಎಂದು ಶುರುಮಾಡಿದಳು, ನಿಂತಳು. “ಎಂತ ಬರೆಯುದು ಮಾಮ, ಹೊರಗೆ ಹಾಕಲು ಅಂತಲಾ, ಕಾನೂನು ಪ್ರಕಾರ ತೆರವು ಮಾಡಿಸಲು ಅಂತಲಾ? ಯಾವುದು ಗಟ್ಟಿ?”

“ಎರಡನೆಯದು,” ಎಂದು ಹೇಳಿ ಬರೆದೆ.